ದಾರದ ಡಬ್ಬಿಯಲ್ಲಿ ಹಳದಿ ಕಡ್ಡಿ

ಹೆಡ್‌ಮಾಸ್ಟರು ಕಂಪ್ಯೂಟರಿನ ಪರದೆಯನ್ನು ಟೈಲರಮ್ಮನ ಕಡೆಗೆ ತಿರುಗಿಸಿದರು. ಪರದೆಯ ತುಂಬ ಅವಳ ಮಗಳೇ ಇದ್ದಳು. ಕಿವಿಗಳ ಮೇಲೆ ದಪ್ಪನೆಯ ಮುಚ್ಚಳ, ಕಣ್ಣಿಗೆ ಕನ್ನಡಕ, ನೆಟ್ಟಗೆ ಚಾಚಿದ ಬಲಗೈ, ಆ ಕೈಯಲ್ಲಿ ಪಿಸ್ತೂಲು.

"ಇದು ನಿಮ್ಮ ಹುಡುಗೀನೇ ತಾನೆ?"

"ನನ್ನ ಹುಡುಗೀನೇ ಸಾರ್. ಆ ಅಂಗಿ ಹೊಲಿದಿದ್ದೂ ನಾನೇ. ಕಂಕುಳಲ್ಲಿ ಸ್ವಲ್ಪ ಹಿಡೀತಿದೆ, ನೋಡಿ."

ಗಾಬರಿಯಾದರೆ ಅವಳ ಬಾಯಿಗೆ ಹೊಲಿಗೆಯ ಮಾತೇ ಮೊದಲು ಬರುವುದು. ಹೆಡ್‌ಮಾಸ್ಟರು ನಗಲಿಲ್ಲ.

"ಸಾರ್, ಅದು ಲೈಸೆನ್ಸ್ ಇರೋ ಶೂಟಿಂಗ್ ಕ್ಲಬ್ಬು. ರಜೆ ದಿನ ನಮ್ಮ ಅತ್ತಿಗೆ ಜೊತೆ ಹೋಗ್ತಾಳೆ. ನಾನೇ ಸಹಿ ಹಾಕಿ ಸೇರಿಸಿದ್ದು. ಪಿಸ್ತೂಲು ಮನೆಗೆಲ್ಲಾ ತರೋ ಹಾಗಿಲ್ಲ, ಅಲ್ಲೇ ಬೀರುವಿನಲ್ಲಿಟ್ಟು ಬೀಗ ಹಾಕ್ತಾರೆ."

"ಕಾನೂನು ತಪ್ಪು ಅಂತ ನಾನೂ ಹೇಳ್ತಿಲ್ಲಮ್ಮ. ಇವಳು ಫೋನಿನ ಪ್ರೊಫೈಲ್‌ಗೆ ಹಾಕ್ಕೊಂಡಿರೋ ಈ ಫೋಟೋನ ಒಬ್ಬ ಪೋಷಕರು ಕಳಿಸಿ, ನಮ್ಮ ಮಗೂನ ಇವಳ ಪಕ್ಕ ಕೂರಿಸ್ತೀರಾ ಅಂತ ಕೇಳ್ತಿದ್ದಾರೆ. ನಾನೇನು ಹೇಳ್ಲಿ?"

"ಯಾರು ಸಾರ್ ಅವರು?"

"ಹೆಸರು ಹೇಳೋ ಹಾಗಿಲ್ಲ."

ಫೋಟೋ ಒಂದೇ ಆಗಿದ್ದರೆ ಮಾತಿನಲ್ಲೇ ಮುಗಿಯುತ್ತಿತ್ತೇನೋ. ಅವರು ಎದ್ದು ಅವಳನ್ನು ಮೊಗಸಾಲೆಗೆ ಕರೆದುಕೊಂಡು ಹೋದರು. ಸ್ಟಾಫ್ ರೂಮಿನ ಬಾಗಿಲ ಬಳಿ ವಿಜ್ಞಾನದ ಮೇಡಂ ಕೈಕಟ್ಟಿಕೊಂಡು ಕಾಯುತ್ತಿದ್ದರು. ಬಾಗಿಲ ಪಕ್ಕದ ಸುಣ್ಣದ ಗೋಡೆಯ ಮೇಲೆ ಒಂದು ಕಪ್ಪು ಚುಕ್ಕೆಯಿತ್ತು. ಬೊಟ್ಟಿಟ್ಟಷ್ಟು, ಹೆಚ್ಚಿಲ್ಲ.

"ಇಟ್ಟಿದ್ದು ನಿಮ್ಮ ಮಗಳು," ಎಂದರು ಮೇಡಂ. "ದಿನಾ ಊಟದ ಬಿಡುವಿನಲ್ಲಿ ಆ ತುದೀಲಿ ನಿಂತ್ಕೊಂಡು, ನೀರು ತುಂಬಿದ ಬಾಟ್ಲಿ ಹಿಡಿದು ಇದಕ್ಕೆ ಗುರಿ ಇಡ್ತಾಳೆ. ರೆಪ್ಪೆ ಕೂಡ ಹೊಡೆಯಲ್ಲ. ನಾನು ಬಾಗಿಲ ಹತ್ರಾನೇ ಕೂತು ಊಟ ಮಾಡೋಳು. ತಲೆ ಎತ್ತಿದ್ರೆ ಇವಳ ಕೈ ನೇರ ನನ್ನ ಕಡೆಗೆ. ಗಂಟಲಲ್ಲಿ ತುತ್ತು ಇಳೀಬೇಕಲ್ವೇನ್ರೀ?"

ಶುಕ್ರವಾರ ಸಮಿತಿ ಕೂರುತ್ತದೆ, ಅಲ್ಲಿಯವರೆಗೆ ಹುಡುಗಿ ಮನೆಯಲ್ಲಿರಲಿ ಎಂದಾಯಿತು. ಸಮಿತಿ ಬೇಡವೆಂದರೆ ಟಿ.ಸಿ. ಕೊಟ್ಟು ಕಳಿಸುತ್ತಾರೆ. ಶಾಲೆಯ ಕೊನೆಯ ವರ್ಷ, ಪರೀಕ್ಷೆ ಬಾಗಿಲಲ್ಲಿದೆ. ಬಂದೂಕಿನ ಹುಡುಗಿ ಎಂಬ ಹೆಸರು ಹೊತ್ತು ಬಂದವಳನ್ನು ಈಗ ಯಾವ ಶಾಲೆ ಒಳಗೆ ಬಿಟ್ಟುಕೊಳ್ಳುತ್ತದೆ? ವರ್ಷ ಹಾಳಾದಂತೆಯೇ.

ಮಗಳು ಅಂಗಡಿಯ ಕಟಿಂಗ್ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಸಣಕಲು ಮೈ, ಉದ್ದ ಕತ್ತು. ಮನೆಯವರೆಲ್ಲ ಅವಳನ್ನು ಸೂಜಿ ಎಂದೇ ಕರೆಯುವುದು.

"ಅದು ಅಭ್ಯಾಸ ಅಮ್ಮ. ಭಾರ ಹಿಡ್ಕೊಂಡು ನಿಂತ್ರೆ ಕೈ ನಡುಗೋದು ಹೋಗತ್ತೆ. ಅತ್ತೇನೇ ಹೇಳ್ಕೊಟ್ಟಿದ್ದು."

"ಚುಕ್ಕೆ ಯಾಕೆ?"

"ಕಣ್ಣು ನಿಲ್ಲೋಕೆ ಒಂದು ಜಾಗ ಬೇಡ್ವಾ?"

"ಆ ಜಾಗ ಮೇಡಂ ತಲೆ ಪಕ್ಕಾನೇ ಇರಬೇಕಿತ್ತೇನೇ?"

"ಬೇರೆ ಗೋಡೆ ತುಂಬ ಚಾರ್ಟ್ ಅಂಟಿಸಿದ್ದಾರೆ. ಅದೊಂದೇ ಬೋಳಾಗಿತ್ತು. ಒಳಗೆ ಯಾರು ಕೂತಿರ್ತಾರೆ ಅಂತ ನಾನು ನೋಡೇ ಇಲ್ಲ, ಚುಕ್ಕೆ ನೋಡ್ತಿದ್ದೆ."

ಉತ್ತರ ನೆಟ್ಟಗಿತ್ತು. ಅಷ್ಟು ನೆಟ್ಟಗಿದ್ದದ್ದೇ ಟೈಲರಮ್ಮನಿಗೆ ಹಿಡಿಸಲಿಲ್ಲ. ಅವಳು ಮಿಷನ್ನಿನ ಮುಂದೆ ಕೂತು ತಲೆಯೆತ್ತಿದರೆ, ಎದುರಿನ ಕನ್ನಡಿಯ ಪಕ್ಕ ಒಂದು ಚುಕ್ಕೆ. ಇಷ್ಟು ದಿನ ನೊಣದ ಕೊಳೆಯೆಂದುಕೊಂಡಿದ್ದಳು. ಅಂಗಡಿಯ ಹಿಂದಿನ ಅಡುಗೆಮನೆಯ ಬಾಗಿಲ ಮೇಲೊಂದು. ಬೀರುವಿನ ಮೇಲೊಂದು. ಮನೆಯೆಲ್ಲ ಅವಳನ್ನೇ ದುರುಗುಟ್ಟಿ ನೋಡುತ್ತಿದ್ದಂತಿತ್ತು.

"ಆ ಮೇಡಂ ನಿಂಗೆ ಬೈದಿದ್ರಾ?"

ಸೂಜಿ ಕಾಲಾಡಿಸುವುದನ್ನು ನಿಲ್ಲಿಸಿದಳು. "ಒಂದ್ಸಲ. ಎಲ್ಲರ ಜೊತೆಗೆ."

"ನಂಗೆ ಹೇಳಲೇ ಇಲ್ಲ?"

"ಬೈಸಿಕೊಂಡಿದ್ದನ್ನೆಲ್ಲಾ ನಿಂಗೆ ಹೇಳ್ತಾ ಕೂತ್ರೆ ನೀನು ಗುಂಡಿ ಹಾಕೋದು ಯಾವಾಗ?"

ಬೇರೆ ದಿನವಾಗಿದ್ದರೆ ಟೈಲರಮ್ಮ ನಗುತ್ತಿದ್ದಳು. ಲಿಫ್ಟ್ ರಿಪೇರಿ ಮಾಡುವ ಗಂಡ ಸಂಜೆ ಬಂದು, ಎಲ್ಲ ಕೇಳಿಸಿಕೊಂಡು, "ಬಾಟ್ಲಿ ಹಿಡಿದಿದ್ದಕ್ಕೆ ಹೊರಗೆ ಹಾಕೋದಾದ್ರೆ ನಮ್ಮ ಮೇಸ್ತ್ರೀನ ಯಾವಾಗ್ಲೋ ಹಾಕ್ಬೇಕಿತ್ತು," ಎಂದ. ಅದಕ್ಕೂ ಅವಳು ನಗಲಿಲ್ಲ.

ಆ ವಾರ ಅಂಗಡಿಗೆ ಬಂದ ಒಬ್ಬೊಬ್ಬರ ಮೇಲೂ ಅವಳಿಗೆ ಅನುಮಾನ. ಶಾಲೆಯ ಅರ್ಧ ಮಕ್ಕಳ ಸಮವಸ್ತ್ರ ಅವಳೇ ಹೊಲಿಯುವುದು, ತಾಯಂದಿರೆಲ್ಲ ಪರಿಚಯದವರೇ. ಟೇಪು ಹಿಡಿದು ಭುಜದ ಅಳತೆ ತೆಗೆಯುತ್ತ, ಫೋಟೋ ಕಳಿಸಿದವಳು ನೀನೇನಾ ಎಂದು ಮನಸ್ಸಿನಲ್ಲೇ ಕೇಳುವಳು. ಬೇಕರಿಯವಳು ಕೋಟಿನ ಕತ್ತಿನ ಅಳತೆ ಕೊಡುತ್ತ, "ಮಗಳು ಮನೇಲೇ ಇದ್ದಾಳಂತೆ, ಹುಷಾರಿಲ್ವಾ?" ಎಂದಾಗ ಟೇಪು ತಾನಾಗಿಯೇ ಬಿಗಿಯಾಯಿತು.

"ರೀ, ಉಸಿರಾಡೋಕೆ ಬಿಡ್ರೀ!"

"ಅಯ್ಯೋ, ಕೈ ಜಾರಿತು ಕಣ್ರೀ."

ಊರವರ ಮೇಲಿನ ಅನುಮಾನ ಊರವರ ಮೇಲೆಯೇ ನಿಂತಿದ್ದರೆ ಚೆನ್ನಾಗಿತ್ತು. ಅದಕ್ಕೆ ಗಡಿಯಿರುವುದಿಲ್ಲವಲ್ಲ. ಬುಧವಾರ ಸೂಜಿ ಸ್ನಾನಕ್ಕೆ ಹೋದಾಗ, ಬಚ್ಚಲಿನಿಂದ ನೀರಿನ ಸದ್ದು ಕೇಳುತ್ತಿರುವಂತೆಯೇ, ತಾಯಿ ಅವಳ ಬ್ಯಾಗಿಗೆ ಕೈ ಹಾಕಿದಳು. ಪುಸ್ತಕ, ಜಾಮಿಟ್ರಿ ಡಬ್ಬಿ, ಮುರಿದ ಬಾಚಣಿಗೆ. ತಳದಲ್ಲಿ ಒಂದು ಬಟ್ಟೆಯ ಚೀಲ, ಅದರೊಳಗೆ ಬೆರಳುದ್ದದ ಹಳದಿ ಪ್ಲಾಸ್ಟಿಕ್ ಕಡ್ಡಿ. ಒಂದು ತುದಿ ಬಾವುಟದಂತೆ ಅಗಲ, ಇನ್ನೊಂದು ತುದಿ ಸಪೂರ. ಏನಿದು ಎಂದು ತಿಳಿಯಲಿಲ್ಲ. ಪಿಸ್ತೂಲಿಗೆ ಸೇರಿದ್ದು ಎಂದು ಮಾತ್ರ ಮನಸ್ಸು ಹೇಳಿತು. ನೀರಿನ ಸದ್ದು ನಿಂತಿತು. ಕಡ್ಡಿಯನ್ನು ದಾರದ ಡಬ್ಬಿಯೊಳಗೆ, ಕೆಂಪು ಉಂಡೆಗಳ ಅಡಿಗೆ ತೂರಿಸಿ ಮುಚ್ಚಳ ಒತ್ತಿದಳು.

ಮಾರನೆಯ ದಿನ ಸೂಜಿ ಬ್ಯಾಗನ್ನು ತಲೆಕೆಳಗು ಮಾಡಿ ಕೊಡವಿದಳು.

"ಅಮ್ಮ, ನನ್ನ ಹಳದಿ ಕಡ್ಡಿ ನೋಡಿದ್ಯಾ?"

"ಇಲ್ವಲ್ಲ."

ಈ ಒಂದು ಮಾತು ಹೇಳಿದ ಮೇಲೆ ಟೈಲರಮ್ಮ ಇಡೀ ಬೆಳಿಗ್ಗೆ ಕೆಂಪು ದಾರ ಬೇಕಾದ ಕೆಲಸವನ್ನೆಲ್ಲ ಬದಿಗಿಟ್ಟಳು.

ಮಧ್ಯಾಹ್ನ ಅತ್ತಿಗೆ ಬಂದಳು. ಗಂಡನ ಅಕ್ಕ, ಸಿಟಿ ಬಸ್ಸಿನ ಡ್ರೈವರು. ಹಾರ್ನು ಹೊಡೆದೂ ಹೊಡೆದೂ ಮಾತೂ ಹಾಗೇ ಆಗಿದೆ.

"ಕಡ್ಡಿ ಕಳಕೊಂಡ್ಯಾ? ಸರಿಹೋಯ್ತು! ಅದಿಲ್ಲದೆ ಕ್ಲಬ್ಬಿನೊಳಗೆ ಬಿಡಲ್ಲ ನಿನ್ನ!"

"ಏನತ್ತಿಗೆ ಅದು?" ಟೈಲರಮ್ಮ ಬಟ್ಟೆಯಿಂದ ತಲೆಯೆತ್ತಲಿಲ್ಲ.

"ಪಿಸ್ತೂಲು ತೆರೆದು ಅದರೊಳಗೆ ಸಿಕ್ಕಿಸೋದು ಕಣೇ. ಕಡ್ಡಿ ಇದೆ ಅಂದ್ರೆ ಒಳಗೆ ಗುಂಡಿಲ್ಲ ಅಂತ. ದೂರದಿಂದ್ಲೇ ಕಾಣ್ಲಿ ಅಂತ ಹಳದಿ. ಇಷ್ಟಾದ್ರೂ ನಮ್ಮಲ್ಲಿ ಯಾರೂ ಯಾರನ್ನೂ ನಂಬಲ್ಲಪ್ಪ. ನಾನು ನಿನ್ ಕೈಗೆ ಕೊಡೋ ಮುಂಚೆ ತೆರೆದು ತೋರಿಸ್ಬೇಕು, ನೀನು ಕಣ್ಣಲ್ಲಿ ನೋಡಿ 'ಖಾಲಿ' ಅನ್ಬೇಕು. ಈಗಷ್ಟೇ ನೋಡಿದ್ರೂ ಮತ್ತೆ ನೋಡ್ಬೇಕು."

"ಬೇಜಾರಾಗಲ್ವಾ, ಹಂಗೆ ನೋಡಿದ್ರೆ?"

"ನೋಡದೆ ಇದ್ರೆ ಬೇಜಾರು! ಕ್ಲಬ್ಬಿನಿಂದಲೇ ಹೊರಗೆ ಹಾಕ್ತಾರೆ."

ಆಗಲೇ ಡಬ್ಬಿ ತೆರೆದು ಕೊಟ್ಟುಬಿಡಬಹುದಿತ್ತು. ಕೈ ಮುಚ್ಚಳದವರೆಗೂ ಹೋಯಿತು. ಆದರೆ ಸೂಜಿ ಅಲ್ಲೇ ನಿಂತು ತಾಯಿಯನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯದೆ. ಗೊತ್ತಾಗಿದೆಯೋ ಏನೋ. ಕೈ ಕತ್ತರಿಯತ್ತ ತಿರುಗಿತು.

ಶುಕ್ರವಾರ ಸಮಿತಿಯಲ್ಲಿ ಮೂವರಿದ್ದರು: ಹೆಡ್‌ಮಾಸ್ಟರು, ವಿಜ್ಞಾನದ ಮೇಡಂ ಮತ್ತು ಪೋಷಕರ ಪರವಾಗಿ ಬಂದ ಔಷಧಿ ಅಂಗಡಿಯವರು. ಸೂಜಿ ಬಾಟ್ಲಿಯ ವಿಷಯ, ಚುಕ್ಕೆಯ ವಿಷಯ ಎಲ್ಲ ಹೇಳಿದಳು. ಮನೆಯಲ್ಲಿ ಹೇಳಿದ ಹಾಗೆಯೇ, ಒಂದು ಪದ ಹೆಚ್ಚಿಲ್ಲ ಕಡಿಮೆಯಿಲ್ಲ. ಅದನ್ನು ಕೇಳಿ ಔಷಧಿಯವರು, "ಚೆನ್ನಾಗಿ ಕಲಿಸಿದ್ದೀರಿ," ಎಂದರು. ಆಮೇಲೆ ಟೈಲರಮ್ಮನ ಕಡೆಗೆ ಬಾಗಿದರು.

"ಒಂದೇ ಪ್ರಶ್ನೆ ಅಮ್ಮ. ಇಷ್ಟೆಲ್ಲಾ ಆದ್ಮೇಲೆ ನೀವು ಮಗಳ ಬ್ಯಾಗ್ ನೋಡಿದ್ರಾ?"

ಇಲ್ಲ ಎಂದರೆ ಜವಾಬ್ದಾರಿಯಿಲ್ಲದ ತಾಯಿ. ನೋಡಿದೆ, ಏನೂ ಇರಲಿಲ್ಲ ಎಂದರೆ ಸುಳ್ಳು, ನಾಳೆ ಯಾರ ಬಾಯಿಂದಲೋ ಹಳದಿ ಕಡ್ಡಿಯ ಮಾತು ಬಂದರೆ ಮಗಳ ಮಾತೆಲ್ಲ ಅದರ ಜೊತೆಗೇ ಸುಳ್ಳಾಗುತ್ತದೆ. ನಿಜ ಹೇಳಿದರೆ? ಪಕ್ಕದಲ್ಲಿ ಮಗಳು ಕೂತಿದ್ದಾಳೆ.

"ನೋಡಿದೆ," ಎಂದಳು ಟೈಲರಮ್ಮ. "ಅವಳು ಸ್ನಾನಕ್ಕೆ ಹೋದಾಗ, ಕದ್ದು ನೋಡಿದೆ. ಇದು ಸಿಕ್ತು."

ಹೊರಡುವಾಗ ಡಬ್ಬಿಯಿಂದ ಕೈಚೀಲಕ್ಕೆ ಹಾಕಿಕೊಂಡಿದ್ದ ಕಡ್ಡಿಯನ್ನು ತೆಗೆದು ಮೇಜಿನ ಮೇಲಿಟ್ಟಳು. ಕೆಂಪು ದಾರದ ಎಳೆಯೊಂದು ಅದಕ್ಕೆ ಸುತ್ತಿಕೊಂಡು ಬಂದಿತ್ತು. ಮೇಡಂ ಕುರ್ಚಿ ಹಿಂದಕ್ಕೆ ಸರಿಸಿದರು.

"ಹೆದರಬೇಡಿ ಮೇಡಂ. ಪಿಸ್ತೂಲಲ್ಲಿ ಗುಂಡಿಲ್ಲ ಅಂತ ತೋರಿಸೋಕೆ ಇಡೋದು ಇದು. ನಾನೂ ನಿಮ್ಮ ಹಾಗೇ ಹೆದರಿ ಬಚ್ಚಿಟ್ಟಿದ್ದೆ. ನನ್ನ ಮಗಳನ್ನ ನನಗಿಂತ ಜಾಸ್ತಿ ಅನುಮಾನದಿಂದ ನೋಡಿದೋರು ಈ ಕೋಣೇಲಿ ಯಾರೂ ಇಲ್ಲ. ನಂಗೆ ಸಿಕ್ಕಿದ್ದು ಇದೊಂದೇ."

ಸೂಜಿ ತಾಯಿಯ ಕಡೆ ತಿರುಗಲಿಲ್ಲ. ಎದುರಿನ ಗೋಡೆಯಲ್ಲಿ ಎಲ್ಲೋ ಕಣ್ಣು ನಿಲ್ಲಿಸಿದ್ದಳು.

ತಾಯಿ ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಮತ್ತೆ ಕರೆದು ಹೇಳಿದರು: ಹುಡುಗಿ ಶಾಲೆಗೆ ಬರಬಹುದು, ಪರೀಕ್ಷೆ ಬರೆಯಬಹುದು. ಆದರೆ ಮೊಗಸಾಲೆಯಲ್ಲಿ ಬಾಟ್ಲಿ ಹಿಡಿದು ನಿಲ್ಲಬಾರದು, ಎಲ್ಲಿಯೂ ಚುಕ್ಕೆ ಇಡಬಾರದು, ಫೋನಿನ ಪ್ರೊಫೈಲ್‌ನಿಂದ ಆ ಫೋಟೋ ತೆಗೆದುಹಾಕಬೇಕು. ದಿನಾ ಬೆಳಿಗ್ಗೆ ಬ್ಯಾಗನ್ನು ತಾಯಿಯೇ ಪರೀಕ್ಷಿಸಿ ಕಳಿಸಬೇಕು.

"ಬಾಟ್ಲಿ ಬಿಡ್ತೀನಿ, ಗೋಡೆಗೆ ಸುಣ್ಣಾನೂ ಬಳಿದು ಕೊಡ್ತೀನಿ," ಎಂದಳು ಸೂಜಿ. "ಫೋಟೋ ಯಾಕೆ ಸಾರ್? ಅದು ರಜೆ ದಿನ, ಕ್ಲಬ್ಬಿನಲ್ಲಿ. ಅದು ಶಾಲೆಯ ಯಾವ ನಿಯಮದ ಪ್ರಕಾರ ತಪ್ಪು?"

ಹೆಡ್‌ಮಾಸ್ಟರು ಔಷಧಿಯವರನ್ನು ನೋಡಿದರು. ಔಷಧಿಯವರು ತಮ್ಮ ಗಡಿಯಾರ ನೋಡಿಕೊಂಡರು.

"ನಿಯಮ ಮಾಡ್ತಾ ಇದ್ದೀವಿ," ಎಂದರು ಹೆಡ್‌ಮಾಸ್ಟರು.

"ಮಾಡಿದ್ಮೇಲೆ ತೆಗೀತೀನಿ ಸಾರ್."

ಟೈಲರಮ್ಮ ಮಗಳ ಮೊಣಕೈ ಹಿಡಿದೆಳೆದಳು. ಸಿಕ್ಕಿದ್ದು ಕೈತಪ್ಪಿತು ಎಂದುಕೊಂಡಳು. ಯಾಕೋ ಮೇಡಂ ಮಾತ್ರ, "ಇರಲಿ ಬಿಡಿ ಸಾರ್, ಅದು ಆಮೇಲೆ ನೋಡೋಣ," ಎಂದು ಎದ್ದುಬಿಟ್ಟರು. ಫೋಟೋ ಕಳಿಸಿದವರು ಯಾರೆಂದು ಕೊನೆಗೂ ಯಾರೂ ಹೇಳಲಿಲ್ಲ.

ದಾರಿಯುದ್ದಕ್ಕೂ ಸೂಜಿ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಅಂಗಡಿಯ ಶಟರು ಎತ್ತುವಾಗ ಒಂದೇ ಮಾತು: "ಕೇಳಿದ್ರೆ ನಾನೇ ತೆಗೆದು ತೋರಿಸ್ತಿದ್ದೆ."

ಸೋಮವಾರ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಂದು, ಬ್ಯಾಗನ್ನು ಕಟಿಂಗ್ ಮೇಜಿನ ಮೇಲಿಟ್ಟು ಎಲ್ಲ ಜಿಪ್ಪು ತೆರೆದಳು. ಎರಡೂ ಅಂಗೈ ಕಾಣುವಂತೆ ಹಿಡಿದು ಹಿಂದೆ ಸರಿದು ನಿಂತಳು.

"ನೋಡು."

"ಬೇಡ ಬಿಡೇ. ನಂಗೆ ನಂಬಿಕೆ ಇದೆ."

"ನಂಬಿಕೆ ಯಾರು ಕೇಳಿದ್ರು? ನೋಡು ಅಂದೆ. ನೋಡದೆ ಹೇಳೋ ಹಾಗಿಲ್ಲ."

ಟೈಲರಮ್ಮ ನೋಡಿದಳು. ಒಂದೊಂದೇ ಪುಸ್ತಕ ಸರಿಸಿ, ಜಾಮಿಟ್ರಿ ಡಬ್ಬಿ ತೆರೆದು, ಬಟ್ಟೆಯ ಚೀಲ ಮಗುಚಿ, ತಳದವರೆಗೆ. ಚೀಲದಲ್ಲಿ ಕಡ್ಡಿ ತನ್ನ ಜಾಗಕ್ಕೆ ಬಂದಿತ್ತು.

"ಇಷ್ಟೊಂದು ಹೊರೆ ತುಂಬ್ಕೊಂಡು ಖಾಲಿ ಅಂತ ಹೆಂಗೇ ಹೇಳೋದು?"

"ಅಮ್ಮ."

"ಖಾಲಿ," ಎಂದಳು ತಾಯಿ.

ಸೂಜಿ ಜಿಪ್ಪು ಎಳೆದು ಬ್ಯಾಗು ಹೆಗಲಿಗೇರಿಸಿದಳು. ಆದರೆ ಹೊರಡಲಿಲ್ಲ. ಮಿಷನ್ನಿನ ಪಕ್ಕಕ್ಕೆ ಗದ್ದದಲ್ಲೇ ಸನ್ನೆ ಮಾಡಿದಳು.

"ಈಗ ನಿನ್ನ ದಾರದ ಡಬ್ಬಿ ತೆಗಿ."

ಟೈಲರಮ್ಮ ಮುಚ್ಚಳ ತೆಗೆದು, ಅಂಗೈ ಕಾಣುವಂತೆ ಹಿಡಿದು ಹಿಂದೆ ಸರಿದಳು. ಮಗಳು ಬಗ್ಗಿ ನೋಡಿದಳು. ಅವಸರವೇ ಇಲ್ಲ. ಕೆಂಪು ಉಂಡೆಗಳನ್ನು ಎತ್ತಿ, ಅಡಿಯಲ್ಲಿ ಬೆರಳಾಡಿಸಿ, ಬಾಬಿನ್ನುಗಳನ್ನು ಪಕ್ಕಕ್ಕಿಟ್ಟು, ಮತ್ತೊಮ್ಮೆ ನೋಡಿದಳು. ಶಾಲೆಯ ಮೊದಲ ಗಂಟೆ ಹೊಡೆಯಿತು. ತಾಯಿ ಕಾದಳು.