ಜೋಡಿ ಕೊಟ್ಟವಳು

ಗಾಳಿ ನಿಂತಿದೆ, ಎರಡು ದಿನ ಹುಚ್ಚೆದ್ದು ಬೀಸಿದ ಹಿಮಗಾಳಿ ಈ ಬೆಳಿಗ್ಗೆ ಏನೂ ಆಗದವರ ಹಾಗೆ ತೆಪ್ಪಗಾಗಿದೆ, ಶಾಸನಸಭೆಯ ಎತ್ತರದ ಕಿಟಕಿಯಾಚೆ ಬಯಲೆಲ್ಲ ಬೆಳ್ಳಗೆ, ದೇವರು ಆಗಷ್ಟೇ ಒಗೆದು ಹಾಸಿದ ಮೇಜುಬಟ್ಟೆ, ಇನ್ನೂ ಯಾರೂ ಏನೂ ಚೆಲ್ಲಿಲ್ಲ ಅಂದುಕೊಂಡಳು ಸಿಗ್ನೆ ಟ್ವೆಟನ್ — ಬಾಲ್ಕೆ, ಬೇಡ — ಗುಮಾಸ್ತ ಆಗಲೇ ಮತಕ್ಕೆ ಹೆಸರು ಕೂಗತೊಡಗಿದ್ದಾನೆ, ಡಾಲ್ರಿಂಪಲ್, ಹೌದು, ಹೆಸರುಗಳು ಇಂಗ್ಲಿಷ್ ಅಕ್ಷರದ ಸಾಲಿನಲ್ಲಿ ಬರುತ್ತವೆ, ತನ್ನದು ಬಲು ಹಿಂದೆ, ಅಲ್ಲಿಯವರೆಗೆ ಹೀಗೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿರಬೇಕು, ಪ್ರಭುವೇ, ನಾಲಿಗೆ ನೆಟ್ಟಗಿರಲಿ. ದೇಶದ ಸಂವಿಧಾನಕ್ಕೆ ಒಂದು ತಿದ್ದುಪಡಿ, ವಾಷಿಂಗ್ಟನ್ನಿನ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಒಪ್ಪಿಯಾಗಿದೆ, ಇನ್ನು ರಾಜ್ಯಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಬೇಕು, ಇವತ್ತು ಈ ರಾಜ್ಯದ ಸರದಿ, ಹಿರಿಯರು ಹಾಗೆ ಕಟ್ಟಿಹೋಗಿದ್ದಾರೆ, ಬಾಗಿಲು ಇಟ್ಟಿದ್ದಾರೆ, ಆದರೆ ಭಾರದ ಬಾಗಿಲು, ಒಬ್ಬಿಬ್ಬರು ತಳ್ಳಿದರೆ ಅಲುಗದು, ಆ ಭಾರದ ಮೇಲೆ ಅವಳಿಗೆ ಸಿಟ್ಟಿಲ್ಲ, ಕೊಟ್ಟಿಗೆಗೂ ಭಾರದ ಬಾಗಿಲಿದ್ದರೇ ದನ ಬದುಕುವುದು. ಹೆಣ್ಣೆಂದೋ ಗಂಡೆಂದೋ ಹಕ್ಕಿನಲ್ಲಿ ಭೇದ ಸಲ್ಲದು, ಅಷ್ಟೇ ಸಾಲು, ಒಂದುಸಿರಿನಲ್ಲಿ ಮುಗಿಯುತ್ತದೆ, ಅದು ಆಗ ಇದ್ದಿದ್ದರೆ — ಗಂಡ ಹಾಲ್ವರ್ ಸತ್ತ ವಸಂತದಲ್ಲಿ, ತೆರಿಗೆಯವನು ಅಡುಗೆಮನೆಯಲ್ಲೇ ಕೂತು ಅವಳದೇ ಕಾಫಿ ಕುಡಿಯುತ್ತಾ, ಜಮೀನೆಲ್ಲ ಯಜಮಾನರದ್ದಲ್ವೇನಮ್ಮಾ, ನೀವು ಮನೇಲಿದ್ರಿ, ಈಗ ನಿಮಗೆ ಪುಕ್ಕಟೆ ಬಂದಂಗಾಯ್ತು, ಅದಕ್ಕೆ ತೆರಿಗೆ ಕಟ್ಬೇಕು, ಅಂದಿದ್ದ. ಮನೇಲಿದ್ರಿ! ಬೆಳಗಿನ ಜಾವ ಕೆಚ್ಚಲಿಗೆ ತಾಗುವ ಮುಂಚೆ ಬಿಸಿಯುಸಿರು ಊದಿ ಬೆಚ್ಚಗೆ ಮಾಡಿಕೊಂಡ ಈ ಬೆರಳುಗಳು ಎಲ್ಲಿದ್ದವಂತೆ, ತೆರಿಗೆಗೆಂದು ತೆಂಕಣ ಹುಲ್ಲುಗಾವಲು ಮಾರಿದಳು, ಮಾರಿದ ದಿನವೇ ಚುನಾವಣೆಗೆ ನಿಲ್ಲುತ್ತೇನೆಂದು ಪಾದ್ರಿಯ ಮುಂದೆ ಹೇಳಿದಳು, ಈ ಒಂದು ಸಾಲಿಗೆ ಹೌದು ಅನ್ನಲಿಕ್ಕೆಂದೇ ಇಲ್ಲಿ ಬಂದು ಕೂತಳು — ಗ್ರೋಟ್, ಹೌದು, ಹಾಫ್ನರ್, ಬೇಡ.

ಹೌದು ಅನ್ನುವಂತಿಲ್ಲ. ಪಕ್ಕದ ಕುರ್ಚಿ ಖಾಲಿ, ಅದು ಗಾಟ್‌ಫ್ರೀಡ್ ವೈಸ್‌ನದು, ತಿದ್ದುಪಡಿಗೆ ಕಡುವಿರೋಧಿ, ಹೆಂಗಸರನ್ನೂ ಸೈನ್ಯಕ್ಕೆ ಎಳೀತಾರೆ ನೋಡ್ತಾ ಇರಿ ಅಂತ ದಿನಾ ಗೊಣಗುವವ, ಮೊನ್ನೆ ಟೋಪಿ ಕೈಯಲ್ಲಿ ಹಿಡಿದು ನಿಂತ, ಸಿಗ್ನೆ, ನನ್ನವಳಿಗೆ, ಅಮಾಲಿಯಾಗೆ, ಆಪರೇಷನ್ನು, ನಾನು ಆಸ್ಪತ್ರೇಲಿರಬೇಕು, ಜೋಡಿ ಕೊಡ್ತೀರಾ? ಜೋಡಿ ಅಂದರೆ ಈ ಸಭೆಯ ಹಳೇ ಪದ್ಧತಿ, ಬರಲಾರದವನ ಬೇಡಕ್ಕೆ ಸಮನಾಗಿ, ಹಾಜರಿರುವವಳು ತನ್ನ ಹೌದನ್ನು ತಡೆಹಿಡಿಯುವುದು, ಬರವಣಿಗೆಯಿಲ್ಲ, ಸಾಕ್ಷಿಯಿಲ್ಲ, ಕೈ ಕುಲುಕಿದರಾಯಿತು, ಅವನು ಒರಟು ಅಂಗೈ ಚಾಚಿದ, ಜೋಡಿ ಕೊಟ್ಟಳು. ಆವತ್ತು ಗೆಲುವು ಗಟ್ಟಿಯಿತ್ತಲ್ಲ! ಈಗ ಹೌದಿನ ಕಡೆಯ ಓಲ್ಸ್‌ರೂಡ್‌ನ ಕಾರು ಎಲ್ಲೋ ಹಿಮದಲ್ಲಿ ಹೂತಿದೆ, ಗೆಲ್ಲಲು ಒಂದೇ ಮತ ಕಡಿಮೆ. ತಿದ್ದುಪಡಿಯ ಕಡೆಯವರ ಮುಂದಾಳು ಡೆಲ್ಮರ್ ಪ್ರೌಟಿ ಅವಳ ಮೇಜಿನ ಪಕ್ಕ ಕುಕ್ಕರಿಸಿದ್ದಾನೆ, ಅಲ್ಲ ತಾಯಿ, ಯಾರ್ ನೋಡಿದಾರೆ ನೀವು ಕೈ ಕುಲುಕಿದ್ನ? ನಾನು ನೋಡಿದೀನಿ, ಡೆಲ್ಮರ್, ಕೈ ನಂದೇ. ಅಯ್ಯೋ, ನಿಮ್ಮಂಥೋರಿಂದ ದೇಶದ ಅರ್ಧ ಜನ ಕಾಯ್ಬೇಕು, ಅದೂ ಆ ಮುದಿಗೂಳಿಗೋಸ್ಕರ! ಆ ಗೂಳಿಯ ಹೆಂಡ್ತಿ ಮಂಚದ ಮೇಲಿದಾಳೆ, ಎದ್ದೇಳು, ಮಂಡಿ ಹಿಡ್ಕೊಂಡೀತು. ಅವನು ಎದ್ದುಹೋದ, ಬೆನ್ನಲ್ಲೇ ಸಿಟ್ಟು ಕಾಣುತ್ತದೆ, ಅವನಂದದ್ದು ಸುಳ್ಳೂ ಅಲ್ಲ, ಅದೇ ಸುಡುವುದು — ನೂಟ್ಸನ್, ಹೌದು — ಆದರೆ ಸಂವಿಧಾನವೆಂದರೆ ಮತ್ತೇನು, ಸತ್ತವರು ಇನ್ನೂ ಹುಟ್ಟದವರಿಗೆ ಕೊಟ್ಟ ಮಾತು, ಅದನ್ನು ತಿದ್ದುವುದಕ್ಕೂ ದಾರಿಯಿಟ್ಟರು, ಮುರಿಯುವುದಕ್ಕೆ ಇಡಲಿಲ್ಲ, ಕೊಟ್ಟ ಮಾತು ಮುರಿದು ಅದರೊಳಗೆ ಒಂದು ಸಾಲು ಸೇರಿಸಿದರೆ ಆ ಸಾಲು ನಿಂತೀತೇ? ಇವತ್ತು ಬಿದ್ದರೆ ಮುಂದಿನ ಅಧಿವೇಶನ, ಅದರಲ್ಲೂ ಬಿದ್ದರೆ ಅದರ ಮುಂದಿನದು, ಅವಳು ಬರುತ್ತಾಳೆ, ಹಾಲ್ವರ್‌ನ ಹಳೇ ಕೋಟು ಹಾಕಿಕೊಂಡಾದರೂ ಬರುತ್ತಾಳೆ, ಪ್ರಭುವೇ, ಹೇಗೂ ಬರುತ್ತಾಳೆ, ಸ್ಕೋಗನ್, ಬೇಡ, ಟ್ವೆಟನ್.

ಎದ್ದಳು. ಸಭಾಧ್ಯಕ್ಷರೇ, ಮಾನ್ಯ ವೈಸ್ ಅವರಿಗೆ ನಾನು ಜೋಡಿ ಕೊಟ್ಟಿದ್ದೇನೆ — ಹಿಂದಿನ ಬಾಗಿಲಿನಿಂದ ಚಳಿ ಬಂದು ಕುತ್ತಿಗೆಗೆ ತಾಗಿತು, ಎಲ್ಲರ ತಲೆ ತಿರುಗಿತು, ಅವಳದೂ, ಹಿತ್ತಾಳೆಯ ಕಟಕಟೆಯಾಚೆ ಗಾಟ್‌ಫ್ರೀಡ್ ವೈಸ್, ಗಡ್ಡ ಬೋಳಿಸಿಲ್ಲ, ಹುಬ್ಬಿನ ಮೇಲೆ ಹಿಮ, ಕಟಕಟೆ ದಾಟಿ ಒಳಬಂದರಷ್ಟೇ ಮತ, ಅವನು ದಾಟುತ್ತಿಲ್ಲ, ಕೊನೇ ಸಾಲಿನ ಅವಳ ಮೇಜಿನತ್ತ ಬಾಗಿದ, ದನಿ ಅವಳಿಗೆ ಮಾತ್ರ ಕೇಳುವಷ್ಟು. ಅಮಾಲಿಯಾ ಎಚ್ಚರಾದ್ಲು, ಯಾರ ಹತ್ರ ಜೋಡಿ ತಗೊಂಡೆ ಅಂತ ಕೇಳಿದ್ಲು, ಹೇಳ್ದೆ, ಆ ಹೆಂಗಸಿನ ಬಾಯಿ ಕಟ್ಟಿ ಬಂದು ನನ್ನ ಮಂಚದ ಪಕ್ಕ ಕೂರ್ಬೇಡ, ಎದ್ ಹೋಗು ಅಂದ್ಲು. ನೀವು ಒಳಗೆ ಬನ್ನಿ ಗಾಟ್‌ಫ್ರೀಡ್, ಬಂದು ನಿಮ್ಮ ಮತ ಹಾಕಿ. ಬಂದ್ರೆ ಬೇಡ ಅಂತೀನಿ ಸಿಗ್ನೆ, ಈಗ್ಲೂ ನಂದು ಬೇಡಾನೇ. ನಾನು ದಾಟಲ್ಲ, ತಗೊಳ್ಳಿ, ನಿಮ್ಮ ಮಾತು ವಾಪಸ್ಸು. ಟ್ವೆಟನ್, ಗುಮಾಸ್ತ ಎರಡನೇ ಸಲ ಕೂಗುತ್ತಿದ್ದಾನೆ, ಹೌದು ಗಂಟಲಿಗೆ ಬಂದಿದೆ, ಬರುತ್ತಿದೆ, ಆದರೆ ಅವಳಿಗೆ ಕಾಣುತ್ತಿರುವುದು ಒಂದೇ, ಕಟಕಟೆಯ ಮೇಲಿಂದ ಇತ್ತ ಚಾಚಿರುವ ಆ ಒರಟು ಕೈ, ಬಿಚ್ಚಿದ ಅಂಗೈ, ಏನೂ ಇಲ್ಲದ ಅಂಗೈ.