ತೆರೆಮರೆಯವರ ಚೀಟಿ

ರಾಜನಿಗೆ ಮುಖ ಕೊಟ್ಟಿದ್ದು ನಾನು ಮಾಡಿದ ಮೊದಲ ತಪ್ಪು. ಎರಡನೆಯದರ ಮಾತು ಆಮೇಲೆ.

ನಾನು ಬಸ್ ಡಿಪೋದಲ್ಲಿ ಡ್ಯೂಟಿ ಹಾಕುವ ಗುಮಾಸ್ತ. ಯಾವ ಡ್ರೈವರು ಯಾವ ಬಸ್ಸು ಹತ್ತಬೇಕು, ಯಾರಿಗೆ ರಜೆ, ಯಾರಿಗೆ ಡಬಲ್ ಡ್ಯೂಟಿ, ಎಲ್ಲ ನಾನೇ ಬರೆಯುವುದು. ಕಿಟಕಿಯ ಹಿಂದೆ ಕೂರುತ್ತೇನಲ್ಲ, ಅದಕ್ಕೆ ಡಿಪೋದವರೆಲ್ಲ ನನ್ನನ್ನು 'ಕಿಟಕಿ' ಎಂದೇ ಕರೆಯುತ್ತಾರೆ. ಹೆಸರಿಟ್ಟವನ ಬಾಯಿಗೆ ಮಣ್ಣು ಬೀಳಲಿ.

ಬಸ್ಸಿನಲ್ಲಿ ಯಾರೋ ಮರೆತುಹೋದ ಚೀಲವೊಂದು ನನ್ನ ಕಪಾಟಿನಲ್ಲಿ ಆರು ತಿಂಗಳಿಂದ ಬಿದ್ದಿತ್ತು. ಕೇಳಿಕೊಂಡು ಯಾರೂ ಬರಲಿಲ್ಲ. ಬಿಚ್ಚಿ ನೋಡಿದರೆ ಇಪ್ಪತ್ತು ಮುಖದ ಒಂದು ದಾಳ, ರಟ್ಟು ಕಿತ್ತುಹೋದ ಒಂದು ಆಟದ ಪುಸ್ತಕ. ಒಬ್ಬ ಕಥೆ ಹೇಳಬೇಕು. ಉಳಿದವರು ಕಥೆಯೊಳಗೆ ಒಂದೊಂದು ವೇಷ ಹಿಡಿದು, ಮೇಜಿನ ಸುತ್ತ ಕೂತಲ್ಲೇ 'ನಾನೀಗ ಹೀಗೆ ಮಾಡ್ತೀನಿ' ಎನ್ನಬೇಕು. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಊಟದ ಬಿಡುವಿನಲ್ಲಿ ವಿಶ್ರಾಂತಿ ಕೋಣೆಯಲ್ಲಿ ನಾಲ್ವರು ಶುರುಮಾಡಿದೆವು. ಕಥೆ ಹೇಳುವವನು ನಾನು. ಮೆಕ್ಯಾನಿಕ್ ಗ್ರೀಸಣ್ಣ ಮಂತ್ರವಾದಿಯಾದ, ಕಂಡಕ್ಟರ್ ಸೀಟಿಯಮ್ಮ ಕಳ್ಳಿಯಾದಳು. ಅದೇ ಡಿಪೋದಲ್ಲಿ ಡ್ರೈವರಾಗಿದ್ದ ನನ್ನ ಅಕ್ಕನ ಗಂಡ, ನಮ್ಮ ಭಾವ, ಕತ್ತಿ ಹಿಡಿದ ಕಮ್ಮಾರನಾದ.

ಮೊದಲು ಒಬ್ಬ ರಾಜನನ್ನು ತಂದೆ. ಗಡ್ಡ, ಕಿರೀಟ, ಗಡಸು ದನಿ, ಏನೂ ಕಡಿಮೆ ಮಾಡಿರಲಿಲ್ಲ. ಭಾವ ಕೈಮುಗಿದು, "ಮಹಾಪ್ರಭು, ಕಿರೀಟ ಹಿತ್ತಾಳೇದಾ? ಒಂದ್ಸಲ ತೆಗೀರಿ, ಒಳಗೆ ಬೋಳಾ ಅಂತ ನೋಡೋಣ" ಅಂದ. ಸೀಟಿಯಮ್ಮ ರಾಜನ ಹತ್ತಿರವೇ ಚೌಕಾಸಿಗೆ ನಿಂತಳು. ಮೂರು ದಿನ ನಿದ್ದೆಗೆಟ್ಟು ಕಟ್ಟಿದ ರಾಜ ನಗೆಪಾಟಲಾಗಿ ಹೋದ. ಕಣ್ಣಿಗೆ ಕಾಣುವ ದೊರೆ ಎರಡೇ ದಿನಕ್ಕೆ ಪಕ್ಕದ ಮನೆಯವನಾಗಿಬಿಡುತ್ತಾನೆ.

ಆ ವಾರವೇ ರಾಜನನ್ನು ಸಾಯಿಸಿ, ತೆರೆಮರೆಯವರನ್ನು ತಂದೆ. ಅವರು ಎಷ್ಟು ಜನ, ಗಂಡಸರೋ ಹೆಂಗಸರೋ, ಯಾರೂ ಕಂಡವರಿಲ್ಲ. ಗೋಪುರದ ತುದಿಯಲ್ಲೊಂದು ಕೋಣೆ, ಬಾಗಿಲಿಗೆ ಕಪ್ಪು ತೆರೆ. ಅಲ್ಲಿಂದ ಮೂಕ ಸೇವಕನ ಕೈಯಲ್ಲಿ ಚೀಟಿ ಇಳಿದು ಬರುತ್ತದೆ, ಅಷ್ಟೇ. ಆ ಚೀಟಿಗಳನ್ನು ನಾನು ನಿಜವಾಗಿಯೇ ಟೈಪ್ ಮಾಡಿ ತರುತ್ತಿದ್ದೆ. ಮೂರು ಮಡಿಕೆ, ಕೊನೆಯ ಮೂಲೆಯನ್ನು ಒಳಕ್ಕೆ ಸಿಕ್ಕಿಸುವುದು. ಅಂಟಿಲ್ಲದೆ ನಿಲ್ಲುವ ಆ ಮಡಿಕೆಯನ್ನು ಚಿಕ್ಕಂದಿನಲ್ಲಿ ಅಮ್ಮ ನನಗೂ ಅಕ್ಕನಿಗೂ ಕಲಿಸಿದ್ದಳು.

ಮೊದಲ ಚೀಟಿಯಲ್ಲಿ 'ನಾಳೆಯಿಂದ ಹಳೆಯ ಸೇತುವೆಯನ್ನು ಕಾಯತಕ್ಕದ್ದು' ಎಂದಷ್ಟೇ ಇತ್ತು. ಸಹಿಯಿಲ್ಲ, ಕಾರಣವಿಲ್ಲ. ಎಲ್ಲದಕ್ಕೂ ಜಗಳಕ್ಕೆ ನಿಲ್ಲುವ ಗ್ರೀಸಣ್ಣ ಅದನ್ನು ಓದಿ ದನಿ ತಗ್ಗಿಸಿದ. "ಯಾಕಂತೆ?"

"ಬರೆದಿಲ್ಲ," ಅಂದೆ.

ಅಷ್ಟೇ ಸಾಕಾಯಿತು. ಒಬ್ಬರು ಇದು ಶಿಕ್ಷೆ ಎಂದರು, ಇನ್ನೊಬ್ಬರು ಪರೀಕ್ಷೆ ಎಂದರು. ಇಲ್ಲದ ಕಾರಣವನ್ನು ಅವರೇ ಹೊಸೆದುಕೊಂಡು ಅವರೇ ಹೆದರಿದರು. ತೆರೆಯ ಹಿಂದೆ ಯಾರಿದ್ದಾರೆಂದು ನನಗೂ ಗೊತ್ತಿರಲಿಲ್ಲ, ನಾನು ಯೋಚಿಸಿಯೇ ಇರಲಿಲ್ಲ. ಭಾವ ಒಬ್ಬ ಮಾತ್ರ, "ಒಂದಿನ ಆ ಮೆಟ್ಟಿಲು ಹತ್ತೇ ಹತ್ತುತ್ತೀನಿ ಕಣೋ, ತೆರೆ ಎಳೆದು ಅವರ ಕಿವಿ ಹಿಂಡ್ತೀನಿ" ಎನ್ನುತ್ತಿದ್ದ.

ಇನ್ನು ಎರಡನೆಯ ತಪ್ಪು. ಬೆಳಗಾದರೆ ನನ್ನ ಕಿಟಕಿಯ ಮುಂದೆ ಒಂದೇ ರಗಳೆ. "ನಂಗ್ಯಾಕೆ ಬೆಟ್ಟದ ರೂಟು?" "ಅವನಿಗ್ಯಾಕೆ ರಜೆ?" "ಭಾವ ಅಂತ ಪೇಟೆ ರೂಟು ಕೊಟ್ಟಿದ್ದೀಯೇನೋ?" ಕೇಳಿ ಕೇಳಿ ತಲೆ ಚಿಟ್ಟು ಹಿಡಿದುಹೋಗಿತ್ತು. ಮ್ಯಾನೇಜರು ವಾರಕ್ಕೊಮ್ಮೆ ಬಂದು, ನಾನು ತೋರಿಸಿದಲ್ಲಿ ಸಹಿ ಹಾಕಿ ಹೋಗುವ ಮನುಷ್ಯ. ಒಂದು ದಿನ ರೇಗಿಹೋಗಿ, 'ಮೇಲಿನ ಆದೇಶದಂತೆ' ಎಂದು ಶುರುಮಾಡಿ ಸಹಿಯಿಲ್ಲದೆ, ಕಾರಣವಿಲ್ಲದೆ ಚೀಟಿ ಟೈಪ್ ಮಾಡಿ, ಮಡಿಸದೆ ಹಾಗೇ ಡ್ರೈವರುಗಳ ಖಾನೆಗಳಲ್ಲಿ ಇಟ್ಟುಬಿಟ್ಟೆ.

ಅಬ್ಬಬ್ಬಾ! ಮೈಮೇಲೆ ಬರುವಂತೆ ಬಂದವನು ಚೀಟಿ ಓದಿ, ಡಿಪೋದ ಮೆಟ್ಟಿಲ ಮೇಲೆ ಸದಾ ಬೀಗ ಹಾಕಿರುತ್ತಿದ್ದ ಕೋಣೆಯನ್ನೊಮ್ಮೆ ನೋಡಿ, ತೆಪ್ಪಗೆ ಬಸ್ಸು ಹತ್ತಿದ. ಮೇಲಿನವರು ಅಲ್ಲಿಗೆ ಬಂದು ಹೋಗುತ್ತಾರೆ ಎಂದು ವಾರದೊಳಗೆ ಸುದ್ದಿ ಹಬ್ಬಿತು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ ಎಂದುಕೊಂಡು ಹಾಯಾಗಿ ಚಹಾ ಕುಡಿದೆ.

ಹೀಗೇ ಎರಡು ತಿಂಗಳು ನಡೆಯಿತು. ಆ ವಾರ ಇಬ್ಬರು ಡ್ರೈವರುಗಳು ಕಾಯಿಲೆ ಬಿದ್ದಿದ್ದರು. ಭಾವ ಎರಡು ದಿನ ಬಿಡುವಿಲ್ಲದೆ ಗಾಡಿ ಓಡಿಸಿದ್ದ. ಮೂರನೆಯ ದಿನ ಮಧ್ಯಾಹ್ನ ಆಟಕ್ಕೆ ಕೂತಾಗ ಅವನ ಕಣ್ಣು ಕೆಂಡವಾಗಿತ್ತು, ತೂಕಡಿಸುತ್ತಿದ್ದ, ದಾಳ ಎರಡು ಸಲ ಕೈಜಾರಿ ಬಿತ್ತು. ಆದರೂ ಬಾಯಿ ಸುಮ್ಮನಿರಲಿಲ್ಲ. "ನಿನ್ನ ತೆರೆಮರೆಯವರು ಬರೀ ಬುರುಡೆ ಕಣೋ. ಒಳಗೆ ಒಂದು ನರಪಿಳ್ಳೆಯೂ ಇಲ್ಲ, ಬೇಕಾದ್ರೆ ಬೆಟ್ ಕಟ್ಟು." ಗ್ರೀಸಣ್ಣ, ಸೀಟಿಯಮ್ಮ ಬಿದ್ದು ಬಿದ್ದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಗಂಟೆಯೊಳಗೆ ಫೋನು ಬಂತು. ಬೆಟ್ಟದ ಮೇಲೆ ಕೆಟ್ಟು ನಿಂತಿದ್ದ ಬಸ್ಸು ರಿಪೇರಿಯಾಗಿದೆ, ಖಾಲಿ ಗಾಡಿ ಇಳಿಸಿ ತರಲು ಡ್ರೈವರು ಬೇಕು. ಇನ್ನಿಬ್ಬರು ಇದ್ದರು. ಅವರನ್ನು ಕೇಳಬೇಕು, ಕೇಳಿದರೆ ಅವರ ರಾಗ ಕೇಳಬೇಕು, ಭಾವನನ್ನು ಉಳಿಸಿಕೊಂಡೆ ಎಂಬ ಚುಚ್ಚುಮಾತು ಬೇರೆ. ಇವೆಲ್ಲ ನೆಪ. ನಿಜ ಹೇಳುತ್ತೇನೆ, ನನಗೆ ಸಿಟ್ಟಿತ್ತು. ಚೀಟಿ ಟೈಪ್ ಮಾಡಿ, ರೂಢಿಯ ಕೈ ಆಟದ ಚೀಟಿಯ ಹಾಗೇ ಮಡಿಸಿದ್ದೂ ಗೊತ್ತಾಗದೆ, ಭಾವನ ಖಾನೆಯಲ್ಲಿಟ್ಟೆ.

ಅವನು ಅದನ್ನು ಬಿಚ್ಚಿ ಓದಿ, ಅದೇ ಗೆರೆಗಳ ಮೇಲೆ ಮತ್ತೆ ಮಡಿಸಿ, ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ನೋಡಿದ. ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ. ಆಮೇಲೆ ಕಿಟಕಿಗೆ ಬಂದ. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

"ಮೇಲಿನವರು ಹೇಳಿದ್ಮೇಲೆ ಮುಗೀತಪ್ಪ," ಎಂದು ನಕ್ಕು ಹೊರಟ.

ಸಂಜೆ ಆರನೇ ತಿರುವಿನಲ್ಲಿ ಬಸ್ಸು ಕಂದಕಕ್ಕೆ ಬಿತ್ತು. ಭಾವ ಅಲ್ಲೇ ತೀರಿಕೊಂಡ.

ವಿಚಾರಣೆಗೆ ಬಂದವರು, "ಎರಡು ದಿನ ಓಡಿಸಿದವನನ್ನ ಯಾರು ಕಳಿಸಿದ್ದು?" ಎಂದು ನನ್ನನ್ನೇ ಕೇಳಿದರು. "ತಾನೇ ಹೋಗ್ತೀನಿ ಅಂದ" ಎಂದೆ. ನಾಲಿಗೆ ತೊದಲಲೂ ಇಲ್ಲ. 'ಚಾಲಕನ ನಿರ್ಲಕ್ಷ್ಯ' ಎಂದು ನೋಟೀಸು ಬೋರ್ಡಿಗೆ ಬಂತು. ಅಂಟಿಸಿದವನೂ ನಾನೇ.

ಅದರ ಮರುದಿನ ಅಕ್ಕ ಡಿಪೋಗೆ ಬಂದಳು. ಕಿಟಕಿಯ ಮುಂದೆ ಸಾಲು ನಿಂತಿತ್ತು.

"ಮೇಲಿನವರನ್ನ ನೋಡ್ಬೇಕು," ಅಂದಳು.

"ಒಳಗೆ ಬಾ ಅಕ್ಕಾ, ಕೂತ್ಕೋ."

"ಕೂರೋಕೆ ಬಂದಿಲ್ಲ. ಕಣ್ಣು ಮುಚ್ಚದೆ ಎರಡು ದಿನ ದುಡಿದವರನ್ನ ಬೆಟ್ಟಕ್ಕೆ ಕಳಿಸಿ, ಸತ್ತ ಮೇಲೆ ನಿರ್ಲಕ್ಷ್ಯ ಅಂತ ಬರೆಸಿದ್ದಾರಲ್ಲ, ಅವರ ಮುಖ ನೋಡ್ಬೇಕು."

ಸೀದಾ ಮೆಟ್ಟಿಲು ಹತ್ತಿದಳು. ಬೀಗದ ಕೈ ನನ್ನ ಹತ್ತಿರವಿತ್ತು, ಹಿಂದೆಯೇ ಓಡಿದೆ. ಬಾಗಿಲು ತೆಗೆದರೆ ಹರಿದ ಬಸ್ ಸೀಟುಗಳು, ಸವೆದ ಟೈರುಗಳು, ಮೊಣಕಾಲುದ್ದ ಹಳೆಯ ಟಿಕೆಟ್ ಕಟ್ಟುಗಳು. ಅವಳಿಗೆ ಏನೂ ಆಶ್ಚರ್ಯವಾದಂತೆ ಕಾಣಲಿಲ್ಲ. ಒಂದು ಸೀಟಿನ ಮೇಲೆ ಕೂತು, ಚೀಲದಿಂದ ಚೀಟಿ ತೆಗೆದು ಅಂಗೈ ಮೇಲೆ ಇಟ್ಟುಕೊಂಡಳು. ಭಾವನ ಅಂಗಿ ಜೇಬಿನಲ್ಲಿ ಸಿಕ್ಕಿದ್ದು. ಒಂದು ಕಡೆ ರಕ್ತ ಒಣಗಿ ಕಂದಾಗಿತ್ತು. ಮೂಲೆ ಒಳಗೆ ಸಿಕ್ಕಿಸಿದಂತೆಯೇ ಇತ್ತು.

"ಅಮ್ಮನ ಮಡಿಕೆ," ಅಂದಳು. "ಹೀಗೆ ಮಡಿಸೋಕೆ ಬರೋದು ಇಬ್ಬರಿಗೇ. ನಾನಂತೂ ಮಡಿಸಿಲ್ಲ."

ನಾನು ಚೀಟಿಗೆ ಕೈಚಾಚಿದೆ, ಅವಳು ಅಂಗೈ ಮುಚ್ಚಿಕೊಂಡಳು.

"ನಿನ್ನ ಭಾವನಿಗೂ ಗೊತ್ತಾಗಿತ್ತು ಕಣೋ. ನಮ್ಮನೇಲಿ ಇಂಥ ಮಡಿಕೆ ಎಷ್ಟು ನೋಡಿಲ್ಲ ಅವರು? ಹೊರಡೋ ಮುಂಚೆ ಫೋನ್ ಮಾಡಿದ್ರು. ಹೋಗ್ಬೇಡಿ, ಅವನಿಗೆ ನಾನು ಉಗೀತೀನಿ ಅಂದೆ. 'ಬಿಡೇ, ನಾಲ್ಕು ಜನರ ಮುಂದೆ ಹುಡುಗನ ಮರ್ಯಾದೆ ಹೋಗುತ್ತೆ. ನಾಳೆ ಆಟದಲ್ಲಿ ಮೆಟ್ಟಿಲು ಹತ್ತಿ ಕಿವಿ ಹಿಂಡ್ತೀನಿ' ಅಂದ್ರು."

ನಾನು ಕುಸಿದು ಅವಳ ಕಾಲು ಹಿಡಿದೆ. ಅಳುತ್ತ ಏನೇನೋ ಬಡಬಡಿಸಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಹತ್ರ ಅಳಬೇಡ. ಕೆಳಗೆ ಅಷ್ಟು ಜನ ನಿಂತಿದ್ದಾರೆ, ಅವರಿಗೆ ಹೇಳು. ನಿನ್ನ ಭಾವನ ಹೆಸರಿಗೆ ಅಂಟಿದ್ದು ಹೋಗಲಿ. ಅಷ್ಟು ಸಾಕು ನಂಗೆ."

ಅಷ್ಟರಲ್ಲಿ ಕೆಳಗಿನಿಂದ ಗ್ರೀಸಣ್ಣ ಕೂಗಿದ. "ಕಿಟಕೀ, ಮೇಲೆ ಯಾರಿದ್ದಾರೋ?"

ಕಣ್ಣೊರೆಸಿಕೊಂಡು ಮೆಟ್ಟಿಲ ತುದಿಗೆ ಬಂದೆ. ಇಪ್ಪತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಸೀಟಿಯಮ್ಮ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು. ಹಿಂದೆ ಅಕ್ಕ. 'ನಾನೇ' ಎಂದರೆ ಮುಗಿಯುತ್ತಿತ್ತು. ಒಂದೇ ಒಂದು ಮಾತು.

"ಇವತ್ತು ಬಂದಿಲ್ಲ ಅವರು," ಎಂದೆ.

ಅಕ್ಕ ಎದ್ದು ಬಂದು ಆ ಚೀಟಿಯನ್ನು ನನ್ನ ಅಂಗಿ ಜೇಬಿಗೆ ತುರುಕಿದಳು.

"ಬಂದಾಗ ಹೇಳು ಅವರಿಗೆ," ಅಂದಳು, ನನಗಷ್ಟೇ ಕೇಳುವಂತೆ. "ಅವರ ಅಕ್ಕನೂ ಸತ್ತಳು ಅಂತ."

ಕೆಳಗಿದ್ದವರು ಅವಳಿಗೆ ದಾರಿ ಬಿಟ್ಟರು.

ಆಟ ಅಲ್ಲಿಗೇ ನಿಂತುಹೋಯಿತು. ದಾಳವನ್ನು ಮತ್ತೆ ಅದೇ ಚೀಲಕ್ಕೆ ಹಾಕಿ ಕಪಾಟಿನಲ್ಲಿಟ್ಟಿದ್ದೇನೆ. ಡ್ಯೂಟಿ ಚೀಟಿಗಳು ಮಾತ್ರ ಈಗಲೂ ಹೋಗುತ್ತವೆ, ಇವತ್ತು ಬೆಳಿಗ್ಗೆಯೂ ಹನ್ನೊಂದು ಹೋದವು. ಒಬ್ಬೊಬ್ಬರೂ ಓದಿ, ಮೇಲೆ ನೋಡಿ, ಹೋಗಿ ಬಸ್ಸು ಹತ್ತುತ್ತಾರೆ. ಯಾರಾದರೂ ಒಬ್ಬ ಕಿಟಕಿಗೆ ಬಂದು 'ಯಾಕೆ?' ಎಂದು ಕೇಳಲಿ, ಹೇಳಿಬಿಡುತ್ತೇನೆ ಎಂದು ದಿನಾ ಕಾದು ಕೂರುತ್ತೇನೆ. ಯಾರೂ ಕೇಳುವುದಿಲ್ಲ.