ಅಜ್ಜಿಕಲ್ಲಿನ ಎಡೆ

ತೀರ್ಥಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ "ಪೂರ್ತಿ ಓದಿ ಆಮೇಲೆ ಉತ್ತರ ಬರೀರೋ" ಎಂದು ಮಕ್ಕಳ ಕಿವಿ ಹಿಂಡಿದ ನಾಗರತ್ನಮ್ಮ ನಾನು. ನನ್ನ ಕಿವಿ ಹಿಂಡುವವರು ಯಾರೂ ಇರಲಿಲ್ಲ, ಅದೇ ಕೇಡಾಯಿತು.

ನಿವೃತ್ತಿಯಾದ ಮೇಲೆ ಸಾವಿರ ವರ್ಷದ ಹಿಂದಿನ ಕಾಲದ ಬಗ್ಗೆ ಕಾದಂಬರಿ ಬರೆಯುವ ಹುಚ್ಚು ಹಿಡಿಯಿತು. ಹುಂಚದ ಬಳಿ ಪರಿಚಯದ ಮುದುಕಿ ಹೂವಮ್ಮನ ಗದ್ದೆಯಲ್ಲಿ ಅರ್ಧ ಹೂತ ಕಲ್ಲೊಂದಿದೆ. ಅವಳ ಮನೆಯವರಿಗೆ ಅದು ಮನೆತನದ ಹಿರಿಯಳು, ಅಜ್ಜಿಕಲ್ಲು. ಭೂಮಿ ಹುಣ್ಣಿಮೆಗೆ ಗದ್ದೆಗೆ ಬಡಿಸುವಾಗ ಮೊದಲ ಎಡೆ ಅದಕ್ಕೇ. ಕಲ್ಲಿನ ಮೇಲೆ ಬಳೆ ತೊಟ್ಟ ಕೈ ಕಂಡಿದ್ದೇ ತಡ, ಗಂಡನ ಚಿತೆಯಲ್ಲಿ ಬೆಂದವಳ ಮಾಸ್ತಿಕಲ್ಲು ಎಂದು ತೀರ್ಮಾನಿಸಿಬಿಟ್ಟೆ.

"ಕೆಳಗೆ ಅಕ್ಷರ ಐತೆ ಅಮ್ಮಾ, ಮಣ್ಣು ತೆಗೆಸ್ಲಾ?" ಎಂದಿದ್ದಳು ಹೂವಮ್ಮ.

"ಇನ್ನೊಂದ್ಸಲ ಆಯ್ತು ಬಿಡು ಮಾರಾಯ್ತಿ" ಎಂದು ಬಸ್ಸು ಹತ್ತಿದೆ. ಶಾಸನ ಓದಿಸಲು ಯಾರ ಕಾಲು ಹಿಡಿಯಲಿ ಎಂಬ ಸೋಮಾರಿತನ, ಬೇರೇನಲ್ಲ. ಕಾದಂಬರಿಯಲ್ಲಿ ಅತ್ತೆಯೇ ಸೊಸೆಯನ್ನು ಬೆಂಕಿಗೆ ತಳ್ಳಿದಳು. ಊರು, ಗದ್ದೆ, ಕಲ್ಲು ಎಲ್ಲ ಇದ್ದ ಹಾಗೇ ಬರೆದೆ. ಓದಿದವರು ಅತ್ತರು, ನಾನು ಬೀಗಿದೆ.

ಹೂವಮ್ಮನ ಮೊಮ್ಮಗಳು ಸುಪ್ರಿಯಾ ಅದನ್ನು ಅಜ್ಜಿಗೂ ಓದಿ ಹೇಳಿದಳಂತೆ. ಆ ವರ್ಷ ಕಲ್ಲಿಗೆ ಎಡೆ ಇಡಲಿಲ್ಲವೆಂದು ತಿಳಿದು ಓಡಿಹೋದೆ.

"ನಮ್ಮೋರೇ ಸುಟ್ರಂತಲ್ಲ ಅಮ್ಮಾ. ಯಾವ ಮುಖ ಇಟ್ಕಂಡು ಅನ್ನ ಇಡ್ಲಿ?" ಎಂದಳು ಹೂವಮ್ಮ.

"ಅಯ್ಯೋ, ಕಥೆ ಕಣೇ ಅದು! ನಾನು ಕಟ್ಟಿದ್ದು."

"ನೀವು ಓದ್ದೋರು. ಸುಳ್ಳು ಯಾಕೆ ಬರೀತೀರಿ?"

ಅಷ್ಟು ನಂಬಿಕೆ ಅವಳಿಗೆ ನನ್ನ ಮೇಲೆ! ಸಾಗರದಲ್ಲಿ ಶಾಸನ ಓದುವ ರಾಮಚಂದ್ರಪ್ಪನವರನ್ನು ಕಾಡಿ ಬೇಡಿ ಕರೆತರುವಷ್ಟರಲ್ಲಿ ಮತ್ತೊಂದು ಮಳೆಗಾಲ ಕಳೆದಿತ್ತು. ಆ ಮಳೆಗಾಲದಲ್ಲೇ ಹೂವಮ್ಮ ತೀರಿಕೊಂಡಿದ್ದಳು.

ಮಣ್ಣು ಬಿಡಿಸಿ, ನೀರು ಹೊಯ್ದು ತೊಳೆದು, ಸಾಲಿನ ಮೇಲೆ ಬೆರಳಿಟ್ಟು ಅವರು ಓದಿದರು. ಬೆಂಕಿಯ ಮಾತೇ ಇಲ್ಲ. ನಾನು ಕಂಡದ್ದು ಮಾಸ್ತಿಕಲ್ಲಿನ ಎತ್ತಿದ ಕೈಯಲ್ಲ, ಮುಗಿದ ಕೈ. ಕಲ್ಲಿನಲ್ಲಿದ್ದ ಹೆಂಗಸು ಬಸದಿಯಲ್ಲಿ ತಾನಾಗಿಯೇ ಸಲ್ಲೇಖನ ವ್ರತ ಹಿಡಿದು, ಅನ್ನ ನೀರು ಬಿಟ್ಟು ದೇಹ ತೊರೆದಿದ್ದಳು. ಅವಳ ನೆನಪಿಗೆ ಕಲ್ಲು ನಿಲ್ಲಿಸಿದವಳು ಅವಳ ಅತ್ತೆ.

ಸುಪ್ರಿಯಾ ಬದುವಿನ ಮೇಲೆ ಕೂತಳು.

"ಸಾಯೋ ದಿನಾನೂ ಅಜ್ಜಿ ಈ ಕಡೆ ತಿರುಗಿ ಕೈ ಮುಗೀತು ಟೀಚರ್. ತಪ್ಪಾಯ್ತು ತಾಯಿ, ತಪ್ಪಾಯ್ತು ಅಂತಿತ್ತು."

ಆ ಮಾತು ಹೇಳಬೇಕಾದವಳು ನಾನು. ಹೇಳೋಣವೆಂದರೆ ಹೂವಮ್ಮ ಇಲ್ಲ.